ನಮ್ಮೂರಿಗೆ ಬಾರದ ರೈಲು, ಶ್ರೀನಿವಾಸಪುರಕ್ಕೆ ಬಂದು ಹೋದ ರೈಲು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿಯಲ್ಲಿ ಮಾತನಾಡಿದನು. ರೈಲ್ವೆ ಇಲಾಖೆಯಲ್ಲಿ ಉದ್ಯೋಗದಲ್ಲಿರುವವನು, ಈಗ ಐವತ್ತು ದಾಟಿದೆ. ಕುಶಲಪ್ರಶ್ನೆಗಳೆಲ್ಲ ಮುಗಿದ ಮೇಲೆ ಸ್ವಲ್ಪ ತಡೆದು, "ಸಾರ್, ಒಂದು ಹಳೇ ಪ್ರಶ್ನೆ ಇದೆ. ಮುಳಬಾಗಿಲಿಗೆ ರೈಲು ಬೇಡ ಅಂದೋರು ಯಾರು ಸಾರ್? ಅವತ್ತು ನೀವು ಹೇಳಲಿಲ್ಲ" ಎಂದನು. ಅವನು ನಗುತ್ತಿದ್ದನು. ನನಗೆ ನಗು ಬರಲಿಲ್ಲ.

ಇದರ ಹಿನ್ನೆಲೆಯನ್ನು ಹೇಳಬೇಕು. ನಾನು ಶಾಲೆಗೆ ಸೇರಿದ ಹೊಸತು, 1986ರ ಸುಮಾರು. ಒಂಬತ್ತನೆಯ ತರಗತಿಗೆ ಭಾರತದಲ್ಲಿ ರೈಲ್ವೆಯ ಬೆಳವಣಿಗೆಯ ಪಾಠ ಮಾಡುತ್ತಿದ್ದೆ. ಪಾಠಕ್ಕೆ ಊರಿನ ಒಗ್ಗರಣೆ ಇರಲಿ ಎಂದು, ನಮ್ಮ ಹಿರಿಯರು ಹೇಳುತ್ತಿದ್ದ ಕತೆಯೊಂದನ್ನು ಸೇರಿಸಿದೆ. ಬೆಂಗಳೂರು ಮದರಾಸು ರೈಲನ್ನು ಮೊದಲು ಮುಳಬಾಗಿಲಿನ ಮೇಲೆಯೇ ತರಬೇಕೆಂದಿದ್ದರಂತೆ. ರೈಲು ಬಂದರೆ ಪ್ಲೇಗು ಬರುತ್ತದೆ ಎಂದು ಹೆದರಿ ನಮ್ಮ ಪೇಟೆಯ ಸಾಹುಕಾರರು ಬೇಡವೆಂದು ಅರ್ಜಿ ಹಾಕಿದರಂತೆ. ಆದ್ದರಿಂದ ರೈಲು ಬಂಗಾರಪೇಟೆಗೆ ಹೋಯಿತಂತೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು, "ಯಾರು ಸಾರ್ ಅರ್ಜಿ ಹಾಕಿದ್ದು? ಅವರ ಹೆಸರೇನು?" ಎಂದು ಕೇಳಿದನು. ಉಳಿದವರು ನಕ್ಕರು. ಹೊಸ ಮೇಷ್ಟರಿಗೆ ಅಂಥ ನಗುವನ್ನು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಉದ್ಧಟತನವೆಂದು ಬೈದು, ಆ ಪೀರಿಯಡ್ ಮುಗಿಯುವ ತನಕ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಆಮೇಲೆ ಅದೇ ಕತೆಯನ್ನು ನಿವೃತ್ತನಾಗುವ ತನಕ ವರ್ಷವರ್ಷವೂ ಹೇಳಿದೆ. ಈ ಬರಹವನ್ನು ಓದುತ್ತಿರುವ ನಿಮ್ಮಲ್ಲಿ ಬಹುಮಂದಿ ಅದನ್ನು ನನ್ನ ಬಾಯಿಂದಲೇ ಕೇಳಿದ್ದೀರಿ. ಆದ್ದರಿಂದ ಅವನಿಗೆ ಕೊಡಬೇಕಾದ ಉತ್ತರವನ್ನು ನಿಮ್ಮೆಲ್ಲರ ಮುಂದೆಯೇ ಬರೆಯುತ್ತಿದ್ದೇನೆ.

ಆ ಕತೆ ಸುಳ್ಳು. ಅದು ಸುಳ್ಳೆಂದು ತಿಳಿಯಲು ಯಾವ ದಫ್ತರವನ್ನೂ ತೆರೆಯಬೇಕಾಗಿರಲಿಲ್ಲ. ಇತಿಹಾಸದ ಮೇಷ್ಟರಿಗೆ ಎರಡು ಇಸವಿಗಳು ನೆನಪಿದ್ದರೆ ಸಾಕಾಗಿತ್ತು. ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂದದ್ದು 1864ರ ಆಗಸ್ಟ್ 1ರಂದು. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಮೂವತ್ತನಾಲ್ಕು ವರ್ಷಗಳ ಅನಂತರ ಬರಲಿರುವ ರೋಗಕ್ಕೆ ಹೆದರಿ ಯಾರು ತಾನೇ ಅರ್ಜಿ ಹಾಕಿಯಾರು? ಎರಡೂ ಇಸವಿಗಳನ್ನು ನಾನೇ ಬೇರೆಬೇರೆ ಪಾಠಗಳಲ್ಲಿ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಲಿಲ್ಲ, ಅಷ್ಟೆ.

ಹಾಗಾದರೆ ರೈಲು ನಮ್ಮೂರಿಗೆ ಏಕೆ ಬರಲಿಲ್ಲ? ರಸ್ತೆಯ ಲೆಕ್ಕದಲ್ಲಿ ಅದು ನಮ್ಮೂರಿಗೆ ಬರಬೇಕಾದದ್ದು ನ್ಯಾಯವೇ ಆಗಿತ್ತು. ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಕನ್ನಡ ಸೀಮೆಯಿಂದ ಘಟ್ಟ ಇಳಿದು ಹೋಗುವವರು, ಘಟ್ಟ ಹತ್ತಿ ಬರುವವರು ಎಲ್ಲರೂ ಈ ಬಾಗಿಲಿನಲ್ಲಿಯೇ ಹಾಯಬೇಕಾಗಿತ್ತು. ಹೊಯ್ಸಳರ ಶಾಸನಗಳು ರಾಜ್ಯದ ಮೂಡಣ ಎಲ್ಲೆಯೆಂದು ಹೇಳುವ ನಂಗಲಿ ನಮ್ಮ ತಾಲ್ಲೂಕಿನದೇ. ಅಲ್ಲಿಂದ ಮುಂದೆ ಪಲಮನೇರು, ಮೊಗಿಲಿ ಘಟ್ಟ, ಚಿತ್ತೂರು, ಮದರಾಸು. ಮೊದಲನೆಯ ಮೈಸೂರು ಯುದ್ಧದಲ್ಲಿ, 1768ರ ಅಕ್ಟೋಬರಿನಲ್ಲಿ, ಹೈದರಾಲಿಗೂ ಇಂಗ್ಲಿಷರಿಗೂ ನಮ್ಮ ಬೆಟ್ಟದ ಸುತ್ತ ಕಾಳಗ ನಡೆದದ್ದು ಈ ದಾರಿಯ ಹಿಡಿತಕ್ಕಾಗಿಯೇ. ಇಂದಿಗೂ ಚೆನ್ನೈಗೆ ಹೋಗುವ ಹೆದ್ದಾರಿ ಅದೇ ಜಾಡು. ನಾಲ್ಕನೆಯ ನಂಬರಿನ ಹೆದ್ದಾರಿ ಎಂದು ನಿಮಗೆ ಕಂಠಪಾಠ ಮಾಡಿಸಿದ್ದೆ. ಅದರ ನಂಬರು ಈಗ 75.

ಆದರೆ ರೈಲಿನವರು ರಸ್ತೆಯನ್ನು ಹಿಂಬಾಲಿಸಲಿಲ್ಲ. ಮದರಾಸು ರೈಲ್ವೆ ಕಂಪನಿಯ ಕಣ್ಣು ಇದ್ದದ್ದು ಬೆಂಗಳೂರಿನ ಮೇಲಲ್ಲ, ಪಡುವಣ ಕಡಲಿನ ಮೇಲೆ. ಮದರಾಸಿನಿಂದ ಅರಕೋಣಂ, ಕಾಟ್ಪಾಡಿ, ಜೋಲಾರಪೇಟೆ, ಸೇಲಂ ಮಾರ್ಗವಾಗಿ ಮಲಬಾರಿನ ಬೇಪೂರಿನವರೆಗೆ ಹಳಿ ಹಾಕುವುದು ಅವರ ಮುಖ್ಯ ಕೆಲಸವಾಗಿತ್ತು. 1862ರಲ್ಲಿ ಅದು ಮುಗಿಯಿತು. ಆ ದೊಡ್ಡ ಮಾರ್ಗದಿಂದ ಬೆಂಗಳೂರಿನ ದಂಡಿಗೆ ಒಂದು ಕೊಂಬೆಯನ್ನು ಎಳೆಯಬೇಕೆಂದಾಗ ಜೋಲಾರಪೇಟೆಯಿಂದ ಎಳೆದರು. ಕುಪ್ಪಂ, ಕಾಮಸಮುದ್ರಂ, ಟೇಕಲ್, ಮಾಲೂರು ಹೀಗೆ ದಾರಿ ಹತ್ತಿತು. ಕಾಟ್ಪಾಡಿಯಿಂದ ಚಿತ್ತೂರು, ಮೊಗಿಲಿ, ಮುಳಬಾಗಿಲಿನ ಮೇಲೆ ಇನ್ನೊಂದು ಘಟ್ಟವನ್ನು ಕಡಿಯುವ ಅವಶ್ಯಕತೆ ಅವರಿಗೆ ಬೀಳಲಿಲ್ಲ. ಮೈಸೂರಿನಲ್ಲಿ ಆಗ ಅರಸರ ಆಳ್ವಿಕೆಯೂ ಇರಲಿಲ್ಲ. 1831ರಿಂದ 1881ರವರೆಗೆ ಇಂಗ್ಲಿಷ್ ಕಮಿಷನರುಗಳ ಆಡಳಿತ. ಮುಳಬಾಗಿಲಿನ ಸಾಹುಕಾರರನ್ನು ಕೇಳಿ ಹಳಿ ಹಾಕುವ ಪದ್ಧತಿ ಆ ಕಾಲದ್ದಲ್ಲ. ನಮ್ಮವರು ಬೇಡವೆನ್ನಲಿಲ್ಲ ಮಕ್ಕಳೇ. ನಮ್ಮವರನ್ನು ಯಾರೂ ಕೇಳಲೇ ಇಲ್ಲ. ಕೇಳದವರು ಬೇಡವೆಂದೆವು ಎಂದು ಹೇಳಿಕೊಂಡರೆ ಮಾನ ಉಳಿಯುತ್ತದೆ. ಇಂಥ ಕತೆಗಳು ರೈಲಿಲ್ಲದ ಬೇರೆ ಊರುಗಳಲ್ಲಿಯೂ ಇವೆ; ನಾನೇ ಎರಡು ಕಡೆ ಕೇಳಿದ್ದೇನೆ.

ಆಗ ಕಮಿಷನರ್ ಆಗಿದ್ದವನು ಲೆವಿನ್ ಬೆಂಥಾಮ್ ಬೌರಿಂಗ್, 1862ರಿಂದ 1870ರವರೆಗೆ. ರೈಲು ನಿಂತ ಕಡೆ ಬೆಳೆದ ಹೊಸ ಊರಿಗೆ ಅವನ ಹೆಸರು ಬಿದ್ದು ಬೌರಿಂಗ್‌ಪೇಟೆ ಆಯಿತು. ನಮ್ಮ ತಾತಂದಿರ ನಾಲಗೆಗೆ ಅದು ಕೊನೆಯವರೆಗೂ ಬೌರಿಂಗ್‌ಪೇಟೆಯೇ. ಬಂಗಾರಪೇಟೆ ಎಂಬ ಹೆಸರು ಪಕ್ಕದ ಚಿನ್ನದ ಗಣಿಗಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆಂದರೆ, ಚಿನ್ನದಿಂದಲೇ ಆ ಹೆಸರು ಬಂತೆಂದು ಪರೀಕ್ಷೆಯಲ್ಲಿ ಬರೆದವರೂ ಇದ್ದಾರೆ. ಆದರೆ ಜಾನ್ ಟೇಲರ್ ಕಂಪನಿಯವರು ಗಣಿಗೆ ಕೈ ಹಾಕಿದ್ದೇ 1880ರಲ್ಲಿ, ರೈಲು ಬಂದ ಹದಿನಾರು ವರ್ಷಗಳ ಮೇಲೆ. ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗಿನ ಗಣಿಯ ರೈಲು ಓಡಿದ್ದು 1894ರಲ್ಲಿ.

ಈಗ ಶ್ರೀನಿವಾಸಪುರದ ವಿಷಯ. ನನ್ನ ಮನಸ್ಸು ನಿಲ್ಲುವುದು ಅಲ್ಲಿಯೇ.

ನಮ್ಮ ಸೋದರತ್ತೆಯನ್ನು ಶ್ರೀನಿವಾಸಪುರಕ್ಕೆ ಕೊಟ್ಟಿತ್ತು. ಬೇಸಿಗೆ ರಜೆ ಬಂದರೆ ಮುಳಬಾಗಿಲಿನ ಮಕ್ಕಳೆಲ್ಲ ಅತ್ತೆಯ ಮನೆಗೆ. ಮಾವಿನ ಹಣ್ಣು ಒಂದು ಆಸೆ, ರೈಲು ಇನ್ನೊಂದು ಆಸೆ. ಶ್ರೀನಿವಾಸಪುರ ಹಳೆಯ ಊರೇ. ಮೊದಲು ಅದರ ಹೆಸರು ಪಾಪನಪಲ್ಲಿ; ದಿವಾನ್ ಪೂರ್ಣಯ್ಯನವರು ತಿರುಪತಿ ಯಾತ್ರೆ ಮುಗಿಸಿ ಬರುವಾಗ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಇಟ್ಟರೆಂದು ಗೆಜೆಟಿಯರ್ ಹೇಳುತ್ತದೆ. ತೆಲುಗು ಕನ್ನಡ ಎರಡೂ ಒಂದೇ ಉಸಿರಿನಲ್ಲಿ ಬರುವ ಊರು. ಆ ಊರಿಗೆ ಹಳಿ ಬಂದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ.

ಅದರ ಹುಟ್ಟಿನ ಕತೆ 1864ರದಕ್ಕಿಂತ ಬೇರೆ. ಸರ್ ಎಂ. ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದರು. ಅವರು ಹುಟ್ಟಿದ ಮುದ್ದೇನಹಳ್ಳಿ ಆಗಿನ ಕೋಲಾರ ಜಿಲ್ಲೆಯದೇ ಎಂಬುದು ನಿಮಗೆ ಗೊತ್ತಿದೆ. ಮರುವರ್ಷ, 1913ರಲ್ಲಿ, ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಕಿರು ಹಳಿಯ ರೈಲು ಓಡಿತು. ಕೆಲವೇ ವರ್ಷಗಳಲ್ಲಿ ಅದು ಕೋಲಾರದಿಂದ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮೇಲೆ ಚಿಕ್ಕಬಳ್ಳಾಪುರ ತಲುಪಿತು. ಆ ಕಡೆಯಿಂದ ದೇವನಹಳ್ಳಿ, ನಂದಿಗಳ ಮಾರ್ಗವಾಗಿ ಬೆಂಗಳೂರು ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಕಂಪನಿಯ ಹಳಿ ಬಂದು ಇದಕ್ಕೆ ಕೂಡಿಕೊಂಡಿತು. ನಮ್ಮ ಕಡೆಯ ಮಾರ್ಗಕ್ಕೆ ಇದ್ದ ಹೆಸರು ಕೋಲಾರ ಡಿಸ್ಟ್ರಿಕ್ಟ್ ರೈಲ್ವೆ. ಹೆಸರನ್ನು ಗಮನಿಸಿ. ಇದು ಲಂಡನ್ನಿನ ಕಂಪನಿಯಲ್ಲ, ಒಂದು ಜಿಲ್ಲೆ ತನಗಾಗಿ ಹಾಕಿಸಿಕೊಂಡ ರೈಲು. ರೈಲ್ವೆಯೆಂದರೆ ಇಂಗ್ಲಿಷರ ಕೊಡುಗೆ ಎಂದು ನಾನು ಪಾಠದಲ್ಲಿ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆನಲ್ಲ, ಅದೂ ತಪ್ಪೇ. ಇನ್ನು ಪ್ಲೇಗಿನ ಕತೆ ಈ ಎರಡನೆಯ ರೈಲಿಗಾದರೂ ಹೊಂದೀತೇ ಎಂದು ಯಾರಾದರೂ ನನ್ನ ಪರವಾಗಿ ವಾದಿಸಿದರೆ, ಪ್ಲೇಗಿನಿಂದ ಎಲ್ಲರಿಗಿಂತ ಹೆಚ್ಚು ನೊಂದ ಬೆಂಗಳೂರಿನಿಂದಲೇ ಆ ಕಂಪನಿಯ ಹಳಿ ಹೊರಟಿತ್ತು ಎಂದು ಉತ್ತರಿಸಬೇಕಾಗುತ್ತದೆ.

ಹಳಿಗಳ ನಡುವಿನ ಅಂತರ ಎರಡೂವರೆ ಅಡಿ, ಈಗಿನ ಲೆಕ್ಕದಲ್ಲಿ 762 ಮಿಲಿಮೀಟರ್. ಬಂಗಾರಪೇಟೆಯ ದೊಡ್ಡ ಹಳಿಯದು 1676. ಅರ್ಧಕ್ಕೂ ಕಡಿಮೆ. ಇದರಲ್ಲಿ ಬಡತನದ ಬುದ್ಧಿವಂತಿಕೆ ಇತ್ತು. ಹಳಿ ಹಗುರ, ಸೇತುವೆ ಚಿಕ್ಕದು, ತಿರುವು ಕಡಿದಾದರೂ ನಡೆಯುತ್ತದೆ. ಗುಡ್ಡ ಬಂದರೆ ಸುತ್ತಿಕೊಂಡು ಹೋಗಬಹುದು, ಕೆರೆ ಬಂದರೆ ಅಂಚಿನಲ್ಲಿ ಹಾಯಬಹುದು. ಕೆರೆಗಳ ಜಿಲ್ಲೆಗೆ ಅದು ತಕ್ಕ ರೈಲೇ. ನಾನು ಬಲ್ಲ ಆ ಗಾಡಿ 1960ರ ದಶಕದ ಕೊನೆಯದು. ಡಬ್ಬಿಯೊಳಗೆ ಎದುರುಬದುರು ಕುಳಿತವರ ಮೊಳಕಾಲುಗಳು ತಾಗುತ್ತಿದ್ದವು. ಏರು ಬಂದಲ್ಲಿ ಇಂಜಿನ್ ಎಷ್ಟು ನಿಧಾನವಾಗುತ್ತಿತ್ತೆಂದರೆ, ದೊಡ್ಡ ಹುಡುಗರು ಇಳಿದು ಪಕ್ಕದಲ್ಲಿ ಓಡಿ ಮತ್ತೆ ಹತ್ತುತ್ತಿದ್ದರು. ನಾನು ಒಮ್ಮೆ ಇಳಿಯಲು ಹೋಗಿ ಮಾವನವರಿಂದ ಕಿವಿ ಹಿಂಡಿಸಿಕೊಂಡೆ. ಬಿಳಿಯ ಅಂಗಿ ತೊಟ್ಟು ಹೋದವರು ಇದ್ದಿಲ ಕಿಡಿಗೆ ಚುಕ್ಕೆ ಚುಕ್ಕೆ ತೂತು ಮಾಡಿಸಿಕೊಂಡು ಬರುತ್ತಿದ್ದರು. ಅತ್ತೆ ರೈಲಿಗೆಂದೇ ಒಂದು ಹಳೆಯ ಸೀರೆ ಇಟ್ಟಿದ್ದರು.

ಒಂದು ಬೇಸಿಗೆಯಲ್ಲಿ ಮಾವನವರು ಕೆ.ಜಿ.ಎಫ್.ಗೆ ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಅವರು ಮಾವಿನ ತೋಟದ ಫಸಲು ಹಿಡಿಯುತ್ತಿದ್ದವರು. ಗಣಿಯ ಊರಿನಲ್ಲಿ ಸಂಬಳದ ಜನ, ಹಣ್ಣಿಗೆ ಒಳ್ಳೆಯ ಬೆಲೆ. ಒಣಹುಲ್ಲು ಹಾಸಿ ರಸಪುರಿ ತುಂಬಿದ ಕುಕ್ಕೆಗಳನ್ನು ಶ್ರೀನಿವಾಸಪುರದಲ್ಲಿ ಗಾಡಿಗೆ ಏರಿಸಿದೆವು. ಕೋಲಾರ ದಾಟಿ ಬಂಗಾರಪೇಟೆ ಮುಟ್ಟಿದಾಗ ಆ ರೈಲಿನ ರೋಗವೇನೆಂದು ನಾನು ಮೊದಲ ಬಾರಿಗೆ ಕಂಡೆ. ಆಗ ಅರ್ಥವಾಗಲಿಲ್ಲ, ಈಗ ಅರ್ಥವಾಗುತ್ತಿದೆ. ಚಿಕ್ಕ ಡಬ್ಬಿ ದೊಡ್ಡ ಹಳಿಯ ಮೇಲೆ ಹೋಗಲಾರದು. ಹಮಾಲರು ಒಂದೊಂದೇ ಕುಕ್ಕೆಯನ್ನು ಹೆಗಲ ಮೇಲೆ ಹೊತ್ತು ಆ ಪ್ಲಾಟ್‌ಫಾರಂನಿಂದ ಈ ಪ್ಲಾಟ್‌ಫಾರಂಗೆ ಸಾಗಿಸಬೇಕು. ಇಳಿಸುವ ಕೂಲಿ, ಏರಿಸುವ ಕೂಲಿ, ನಡುವೆ ಬಿಸಿಲಿನಲ್ಲಿ ಕಾಯುವಿಕೆ. ಮಾವನವರು ಪ್ರತಿ ಕುಕ್ಕೆಯ ಬಳಿಯೂ ಬಗ್ಗಿ ಮೂಸಿ ನೋಡುತ್ತಿದ್ದರು. ಒಡೆದ ಹಣ್ಣಿನ ವಾಸನೆ ಬಂದರೆ ಆ ಕುಕ್ಕೆಯ ಲಾಭ ಹೋದಂತೆಯೇ. ಇತ್ತ ಎಲಹಂಕದ ತುದಿಯಲ್ಲಿ ಮೀಟರ್ ಗೇಜು. ಅದು ಮೂರನೆಯ ಅಳತೆ. ಬೆಂಗಳೂರಿಗೆ ಕಳುಹಿಸಿದರೂ ಇದೇ ಪಾಡು.

ನಾವು ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳ ಹೆಸರನ್ನು ಓದುತ್ತಾ ಹೋದದ್ದು ನೆನಪಿದೆ. ಮಾರನೆಯ ವರ್ಷ ನಾನು ಅತ್ತೆಯ ಮನೆಗೆ ಹೋದಾಗ ತೋಟದ ಬಾಗಿಲಿಗೇ ಲಾರಿ ಬಂದು ನಿಂತಿತ್ತು. ಕುಕ್ಕೆ ತೋಟದಲ್ಲಿ ಹತ್ತಿದರೆ ಮಂಡಿಯಲ್ಲಿ ಇಳಿಯುತ್ತದೆ, ನಡುವೆ ಯಾರ ಹೆಗಲೂ ಬೇಡ. ಮಾವನವರಿಗೆ ರೈಲಿನ ಮೇಲೆ ಕೋಪವೇನೂ ಇರಲಿಲ್ಲ. ಸಂಜೆ ಅದರ ಕೂಗು ಕೇಳಿದರೆ ಗಡಿಯಾರ ನೋಡಿ, ಇವತ್ತು ಎಷ್ಟು ತಡ ಎಂದು ಲೆಕ್ಕ ಹಾಕುತ್ತಿದ್ದರು, ಅಷ್ಟೆ.

ಪ್ರಯಾಣಿಕರ ಕತೆಯೂ ಹೀಗೆಯೇ. 1948ರಲ್ಲಿ ಮೈಸೂರು ಸರ್ಕಾರ ತನ್ನ ಸಾರಿಗೆ ಇಲಾಖೆಯನ್ನು ತೆರೆಯಿತು. ಬಸ್ಸು ಊರೊಳಗೆ ಬಂದು ಕರೆಯುತ್ತಿತ್ತು. ರೈಲು 1951ರಲ್ಲಿ ದಕ್ಷಿಣ ರೈಲ್ವೆಗೆ ಸೇರಿ, ಒಂದು ಜಿಲ್ಲೆಯ ಮಗು ದೊಡ್ಡ ಸಂಸಾರದ ಕೊನೆಯ ಪಂಕ್ತಿಯಲ್ಲಿ ಕೂತಿತು. ಜಿಲ್ಲೆಯ ಹಣದಲ್ಲಿ ಜಿಲ್ಲೆಗಾಗಿ ಬಾಳಿದ್ದರೆ ಅದು ಉಳಿಯುತ್ತಿತ್ತೇ? ನನಗೆ ಹಾಗೆ ತೋರುವುದಿಲ್ಲ. ಮೂರು ಅಳತೆಯ ಹಳಿಗಳ ನಡುವೆ ಸಿಕ್ಕಿಕೊಂಡದ್ದು ಅದರ ಹುಟ್ಟುದೋಷ. ಅಗ್ಗವೆಂದು ಆರಿಸಿದ ಎರಡೂವರೆ ಅಡಿಯೇ ಕೊನೆಗೆ ದುಬಾರಿಯಾಯಿತು.

ಆದರೂ ಆ ಗಾಡಿ ಮಾಡಿದ ಒಂದು ಕೆಲಸವನ್ನು ಬಸ್ಸು ಮಾಡಲಿಲ್ಲ ಎಂದು ನನ್ನ ಅಭಿಪ್ರಾಯ. ನಮ್ಮ ಕಾಲದ ಕೋಲಾರ ಜಿಲ್ಲೆಯ ಭೂಪಟವನ್ನು ನೆನಪಿಸಿಕೊಳ್ಳಿ. ಎಷ್ಟು ಬಾರಿ ಬರೆಸಿದ್ದೇನೆ! ಹನ್ನೊಂದು ತಾಲ್ಲೂಕು. ಅವುಗಳಲ್ಲಿ ಮಾಲೂರು, ಬಂಗಾರಪೇಟೆ ಮದರಾಸು ಮಾರ್ಗದಲ್ಲಿ. ಗೌರಿಬಿದನೂರು ಹಿಂದೂಪುರದ ಮಾರ್ಗದಲ್ಲಿ. ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಮಣಿ ಪೋಣಿಸಿದಂತೆ ಪೋಣಿಸಿದ್ದು ಈ ಕಿರು ಹಳಿ. ರೈಲೇ ಇಲ್ಲದವು ಮುಳಬಾಗಿಲು, ಬಾಗೇಪಲ್ಲಿ, ಗುಡಿಬಂಡೆ ಎಂಬ ಮೂರು. ಶಿಡ್ಲಘಟ್ಟದ ರೇಷ್ಮೆಗೂಡಿನವನು, ಚಿಂತಾಮಣಿಯ ವ್ಯಾಪಾರಿ, ಶ್ರೀನಿವಾಸಪುರದ ಕಕ್ಷಿದಾರ ಒಂದೇ ಡಬ್ಬಿಯಲ್ಲಿ ಕೂತು ಕೋಲಾರದ ಕಚೇರಿಗೋ ಕೋರ್ಟಿಗೋ ಹೋಗುತ್ತಿದ್ದರು. ಮಾವನವರು ತಮ್ಮ ಮಗಳಿಗೆ ಚಿಂತಾಮಣಿಯ ಸಂಬಂಧವನ್ನು ಗೊತ್ತುಮಾಡಿದ್ದು ಆ ಡಬ್ಬಿಯಲ್ಲಿಯೇ. 2007ರಲ್ಲಿ ಜಿಲ್ಲೆ ಎರಡಾಯಿತು. ಚಿಂತಾಮಣಿಯಿಂದ ಆಚೆಯದೆಲ್ಲ ಚಿಕ್ಕಬಳ್ಳಾಪುರ ಜಿಲ್ಲೆಗೆ ಹೋಯಿತು. ಮಣಿಸರದ ದಾರ ಅಷ್ಟರಲ್ಲಿ ಸವೆದು ಹೋಗಿತ್ತು.

1990ರ ದಶಕದಲ್ಲಿ ದೇಶದಲ್ಲೆಲ್ಲ ಒಂದೇ ಗೇಜು ಎಂಬ ಧೋರಣೆ ಬಂದಿತು. ಎಲಹಂಕದ ಕಡೆಯಿಂದ ಚಿಕ್ಕಬಳ್ಳಾಪುರದ ತನಕ, ಈ ಕಡೆ ಬಂಗಾರಪೇಟೆಯಿಂದ ಕೋಲಾರದ ತನಕ ಹಳಿ ಅಗಲವಾಯಿತು. ಕೋಲಾರಕ್ಕೆ ರೈಲ್ ಬಸ್ ಎಂಬ ಒಂಟಿ ಡಬ್ಬಿಯ ಗಾಡಿಯೂ ಕೆಲವು ವರ್ಷ ಓಡಿತು. ನಡುವಿನ ಶ್ರೀನಿವಾಸಪುರ ಮಾತ್ರ ಬಹುಕಾಲ ಕಾಯಬೇಕಾಯಿತು. ಹಳೆಯ ಹಳಿಯನ್ನು ಕಿತ್ತ ಮೇಲೆ ನಾನು ಒಮ್ಮೆ ಅಲ್ಲಿಗೆ ಹೋಗಿದ್ದೆ, ಅತ್ತೆಯವರ ವೈಕುಂಠ ಸಮಾರಾಧನೆಗೆ. ಮಧ್ಯಾಹ್ನ ಊಟ ಮುಗಿಸಿ ಸುಮ್ಮನೆ ಆ ಕಡೆ ನಡೆದೆ. ಏರಿಯ ಮೇಲೆ ಜಲ್ಲಿ ಇತ್ತು, ಹಳಿ ಇರಲಿಲ್ಲ. ಜಾಲಿ ಬೆಳೆದಿತ್ತು. ಮೇಕೆ ಕಾಯುವ ಹುಡುಗನೊಬ್ಬ, ಇದು ಯಾವ ಊರಿಗೆ ಹೋಗುವ ರಸ್ತೆ ಎಂದು ನನ್ನನ್ನೇ ಕೇಳಿದನು.

2013ರ ನವೆಂಬರಿನಲ್ಲಿ ಕೋಲಾರ ಚಿಕ್ಕಬಳ್ಳಾಪುರ ನಡುವೆ ದೊಡ್ಡ ಹಳಿಯ ಮೇಲೆ ಗಾಡಿ ಓಡಿತು. ಶ್ರೀನಿವಾಸಪುರಕ್ಕೆ ರೈಲು ಮರಳಿ ಬಂದಿದೆ, ನಿಜ. ಆದರೆ ಬೆರಳೆಣಿಕೆಯ ಗಾಡಿಗಳು. ಮಾವು ಈಗಲೂ ಲಾರಿಯನ್ನೇ ಹತ್ತುತ್ತದೆ. ಆ ಮಂಡಿಯ ಹೆಸರು ದೇಶಕ್ಕೆಲ್ಲ ಗೊತ್ತಿರುವುದು ರೈಲಿನಿಂದಲ್ಲ. ಇದಕ್ಕೆ ವಿರುದ್ಧವಾದ ಚಿತ್ರವನ್ನು ನೋಡಬೇಕಾದರೆ ಕೆ.ಜಿ.ಎಫ್.ಗೆ ಹೋಗಬೇಕು. ಅಲ್ಲಿ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ರೈಲು ಉಳಿಯಿತು. ಗಣಿಗಾಗಿ ಹಾಕಿದ ಆ ಹಳಿಯ ಮೇಲೆ ಗಣಿ ಕಾರ್ಮಿಕರ ಮಕ್ಕಳು ಸಾವಿರಾರು ಮಂದಿ ಬೆಳಗಿನ ಜಾವಕ್ಕೆ ಎದ್ದು ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮರಳುತ್ತಾರೆ. ಶ್ರೀನಿವಾಸಪುರ ರೈಲು ಹೋದರೂ ಬದುಕಿತು, ಕೆ.ಜಿ.ಎಫ್. ರೈಲು ಹೋದರೆ ಬದುಕಲಾರದು.

ಮುಳಬಾಗಿಲಿಗೆ? ಕಡಪದಿಂದ ಮದನಪಲ್ಲಿ, ಮುಳಬಾಗಿಲು, ಕೋಲಾರಗಳ ಮೇಲೆ ಬೆಂಗಳೂರಿಗೆ ಹೊಸ ಮಾರ್ಗವೊಂದು 2008–09ರಲ್ಲಿ ಮಂಜೂರಾಯಿತು. ಆ ಕೊನೆಯಲ್ಲಿ ಕಡಪದಿಂದ ಪೆಂಡ್ಲಿಮರ್ರಿಯವರೆಗೆ ಹಳಿ ಬಿದ್ದಿತು. ನಮ್ಮ ಕೊನೆಗೆ ಇಂದಿಗೂ ಬಂದಿಲ್ಲ. ಈ ಸಲವೂ ನಮ್ಮೂರಿನವರು ಬೇಡವೆಂದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಇನ್ನು ಮೂವತ್ತು ವರ್ಷದ ಮೇಲೆ ಯಾವ ಮೇಷ್ಟರಾದರೂ ತರಗತಿಯಲ್ಲಿ ಬೇರೆ ಕತೆ ಹೇಳಿದರೆ ಈ ಪುಟವನ್ನು ತೋರಿಸಿ.

ಇದನ್ನೆಲ್ಲ ಆ ಹಳೆಯ ವಿದ್ಯಾರ್ಥಿಗೆ ದೂರವಾಣಿಯಲ್ಲಿ ವಿವರಿಸಿದೆ. ಬೆಂಚಿನ ಮೇಲೆ ನಿಲ್ಲಿಸಿದ್ದು ತಪ್ಪಾಯಿತಪ್ಪಾ ಎಂದೂ ಹೇಳಿದೆ. ಅವನು ಒಂದು ಕ್ಷಣ ಸುಮ್ಮನಿದ್ದು, "ಬೆಂಚಿನ ಮೇಲಿಂದ ಕಿಟಕೀಲಿ ಹೈವೇ ಕಾಣ್ತಿತ್ತು ಸಾರ್, ಲಾರಿ ಎಣಿಸ್ತಿದ್ದೆ" ಎಂದನು. ಮುಂದಿನ ರಜೆಗೆ ಊರಿಗೆ ಬರುತ್ತಾನಂತೆ. ಇಬ್ಬರೂ ಬಂಗಾರಪೇಟೆಗೆ ಹೋಗಿ, ಅಲ್ಲಿಂದ ಶ್ರೀನಿವಾಸಪುರಕ್ಕೆ ಗಾಡಿಯಲ್ಲಿ ಹೋಗೋಣ ಎಂದಿದ್ದಾನೆ. ರೈಲ್ವೆಯವನಾದ್ದರಿಂದ ಅವನಿಗೆ ಪಾಸು ಇದೆ. ನನ್ನ ಟಿಕೆಟನ್ನು ನಾನೇ ತೆಗೆಯುತ್ತೇನೆ ಎಂದು ಹೇಳಿದ್ದೇನೆ.